ಮದುವೆ ಫೋಲ್ಡರಿನ ಒಳಗೆ ಬರುವ ಅಪ್ಪಣೆ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ. ಈ ನಾಲ್ಕು ತಾಲ್ಲೂಕುಗಳಲ್ಲಿ ಯಾರ ಮದುವೆಯನ್ನು ಯಾರು ನೋಡಬಹುದು, ಯಾರು ಅದಕ್ಕೆ ಕೈ ಹಾಕಬಹುದು ಎಂದು ಗೊತ್ತುಮಾಡುವ ಅಧಿಕಾರ ಬಹಳ ಕಾಲ ನನ್ನದಾಗಿತ್ತು. ತಹಶೀಲ್ದಾರರಿಗೂ ಇಲ್ಲದ ಅಧಿಕಾರ. ಅದನ್ನು ನಾನು ಹುಣಸೂರಿನ ಒಂದು ಫೋಟೊ ಲ್ಯಾಬಿನ ಹಿಂದಿನ ಕೋಣೆಯಲ್ಲಿ, ಒಂದು ಕಾಲು ಕುಂಟುವ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತು ಚಲಾಯಿಸಿದೆ. ಈಗ ನಾನು ನಿವೃತ್ತ. ಕುರ್ಚಿ ಇನ್ನೂ ಸೇವೆಯಲ್ಲಿದೆ.

ಆ ಕುರ್ಚಿಯಲ್ಲೋ ಅಂಥದೇ ಇನ್ನೊಂದರಲ್ಲೋ ಈಗ ಕೂರುತ್ತಿರುವ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸಂಬಳ ಯಾವಾಗ ಏರಿತು, ಹೆಸರಿನ ಮುಂದೆ ಏನೇನು ಸೇರಿತು ಎಂಬುದನ್ನು ಬಿಟ್ಟುಬಿಡುತ್ತೇನೆ. ಅದರಲ್ಲಿ ಮೈ ನವಿರೇಳಿಸುವಂಥದ್ದು ಏನೂ ಇಲ್ಲ. ಆದರೆ ಒಂದೇ ಒಂದು ಸಾಲು ಬರೆದು ಎಂಟರ್ ಒತ್ತಿದರೆ ನಾಲ್ಕು ತಾಲ್ಲೂಕಿನ ಮದುವೆ ಮನೆಗಳ ಬಾಗಿಲುಗಳೆಲ್ಲ ಒಟ್ಟಿಗೆ ತೆರೆದುಕೊಳ್ಳುತ್ತವಲ್ಲ, ಅದನ್ನು ನೆನೆದರೆ ಈ ವಯಸ್ಸಿನಲ್ಲೂ ಮೈ ಜುಮ್ಮೆನ್ನುತ್ತದೆ. ಆ ಜುಮ್ಮೆನ್ನುವುದೇನು ಎಂದು ನಿಮಗೆ ಯಾವ ಕೋರ್ಸಿನಲ್ಲೂ ಹೇಳಿಕೊಡುವುದಿಲ್ಲ.

ನಾನು ಸೇರಿದಾಗ ರೀಲಿನ ಕಾಲ. ಆಗ ಅಪ್ಪಣೆಯ ವಿಷಯ ಬಹಳ ಸರಳ. ನೆಗೆಟಿವುಗಳೆಲ್ಲ ಒಂದು ಕಬ್ಬಿಣದ ಬೀರುವಿನಲ್ಲಿ, ಬೀರುವಿನ ಕೀಲಿ ಯಜಮಾನರ ಉಡಿದಾರದಲ್ಲಿ. ಯಜಮಾನರೆಂದರೆ ಲ್ಯಾಬಿನ ಮಾಲೀಕರಾದ ಚಿಕ್ಕೇಗೌಡರು. ಅವರು ಸ್ನಾನಕ್ಕೆ ಹೋದರೆ ನಾಲ್ಕು ತಾಲ್ಲೂಕಿನ ಮದುವೆಗಳು ಅಷ್ಟು ಹೊತ್ತು ಸ್ತಬ್ಧ.

ಆಮೇಲೆ ಡಿಜಿಟಲ್ ಕ್ಯಾಮೆರಾ ಬಂತು, ಸರ್ವರ್ ಬಂತು. ಕೀಲಿಯ ಜಾಗಕ್ಕೆ ಪಾಸ್‌ವರ್ಡ್ ಬಂತು. ಅದು ಉಡಿದಾರಕ್ಕೆ ಕಟ್ಟುವಂಥದ್ದಲ್ಲವಾದ್ದರಿಂದ ಯಜಮಾನರು ತಲೆಯಲ್ಲಿ ಇಟ್ಟುಕೊಂಡರು. ಸರ್ವರಿನಲ್ಲಿ ಏನು ಬೇಕಾದರೂ ಮಾಡಬಲ್ಲ ರೂಟ್ ಎಂಬ ಖಾತೆ ಇರುತ್ತದಷ್ಟೆ. ಅದರ ಪಾಸ್‌ವರ್ಡನ್ನು ಅವರೇ ಬಂದು ಹೊಡೆಯಬೇಕು. ಹೊಡೆಯುವಾಗ ಕೋಣೆಯಲ್ಲಿದ್ದವರೆಲ್ಲ ಗೋಡೆಯ ಕಡೆ ತಿರುಗಿ ನಿಲ್ಲಬೇಕು. ನನ್ನ ಸೇವಾವಧಿಯ ಗಣನೀಯ ಭಾಗವನ್ನು ನಾನು ಆ ಗೋಡೆಯನ್ನು ನೋಡುವುದರಲ್ಲಿ ಕಳೆದಿದ್ದೇನೆ. ಅದರ ಸುಣ್ಣದ ಬಿರುಕುಗಳನ್ನು ಈಗಲೂ ಕಣ್ಣು ಮುಚ್ಚಿ ಬರೆಯಬಲ್ಲೆ.

ಇಲ್ಲಿನ ಮದುವೆಗಳ ರೀತಿ ಗೊತ್ತಿಲ್ಲದವರಿಗೆ ಒಂದು ಮಾತು. ನಮ್ಮ ಕಡೆ ಗಂಡಿನವರು ಒಬ್ಬ ಫೋಟೊಗ್ರಾಫರನನ್ನು ಕರೆತಂದರೆ ಹೆಣ್ಣಿನವರು ಇನ್ನೊಬ್ಬನನ್ನು ಕರೆತರುತ್ತಾರೆ. ಇಬ್ಬರೂ ಒಂದೇ ತಾಳಿಯ ಚಿತ್ರ ತೆಗೆಯುತ್ತಾರೆ, ಆದರೆ ಬೇರೆ ಬೇರೆ ಕಡೆಯಿಂದ. ಇಬ್ಬರ ಚಿತ್ರಗಳೂ ನಮ್ಮ ಲ್ಯಾಬಿಗೇ ಬರುತ್ತಿದ್ದವು. ಹಾಗಾಗಿ ಸರ್ವರಿನಲ್ಲಿ ತಾಲ್ಲೂಕಿಗೊಂದು ಫೋಲ್ಡರು, ಅದರೊಳಗೆ ಊರಿಗೊಂದು, ಊರಿನೊಳಗೆ ಮದುವೆಗೊಂದು, ಮದುವೆಯೊಳಗೆ ಗಂಡು ಒಂದು, ಹೆಣ್ಣು ಒಂದು. ಎಲ್ಲವೂ ಒಂದರೊಳಗೊಂದು, ಅವಿಭಕ್ತ ಕುಟುಂಬದ ಪಾತ್ರೆಗಳ ಹಾಗೆ.

ಪ್ರತಿ ಫೋಲ್ಡರಿಗೂ ಪ್ರತಿ ಚಿತ್ರಕ್ಕೂ ಮೂರು ಅಪ್ಪಣೆಗಳಿರುತ್ತವೆ. ಓದುವುದು, ಬರೆಯುವುದು, ಮೂರನೆಯದು ಎಕ್ಸ್. ಚಿತ್ರಕ್ಕೆ ಈ ಮೂರನೆಯದರಿಂದ ಏನೂ ಪ್ರಯೋಜನವಿಲ್ಲ. ಫೋಲ್ಡರಿಗೆ ಮಾತ್ರ ಅದೇ ಪ್ರಾಣ, ಏಕೆಂದರೆ ಫೋಲ್ಡರಿನ ಮಟ್ಟಿಗೆ ಎಕ್ಸ್ ಎಂದರೆ ಒಳಗೆ ಕಾಲಿಡುವ ಅಪ್ಪಣೆ. ಓದುವ ಅಪ್ಪಣೆ ಇದ್ದು ಎಕ್ಸ್ ಇಲ್ಲದಿದ್ದರೆ ಒಳಗಿರುವವರ ಹೆಸರುಗಳು ಮಾತ್ರ ಕಾಣುತ್ತವೆ, ಅವರ ಹತ್ತಿರ ಹೋಗಲಾಗುವುದಿಲ್ಲ. ಛತ್ರದ ಹೊರಗೆ ನಿಂತು ಬೋರ್ಡಿನ ಮೇಲಿನ ವಧೂವರರ ಹೆಸರು ಓದಿ ಮನೆಗೆ ಹೋದ ಹಾಗೆ.

ಮೊದಲು ಸರ್ವರ್ ಕೂರಿಸಿ ಹೋದ ಪುಣ್ಯಾತ್ಮ ಎಲ್ಲಕ್ಕೂ ಎಲ್ಲ ಅಪ್ಪಣೆಯನ್ನೂ ಎಲ್ಲರಿಗೂ ಕೊಟ್ಟು ಹೋಗಿದ್ದ. ಆ ಕಾಲವನ್ನು ನಾವು ರಾಮರಾಜ್ಯ ಎಂದು ಕರೆಯುತ್ತಿದ್ದೆವು. ಯಾರು ಬೇಕಾದರೂ ಯಾರ ಮದುವೆಗೆ ಬೇಕಾದರೂ ಹೋಗಿ ಏನು ಬೇಕಾದರೂ ಅಳಿಸಬಹುದಿತ್ತು. ಕಟ್ಟೆಮಳಲವಾಡಿಯ ಒಂದು ನಾಮಕರಣದ ಚಿತ್ರಗಳು ಹಾಗೆಯೇ ಕಾಣೆಯಾದವು. ಅಂದಿನಿಂದ ಮೌಸ್ ಹಿಡಿದು ಒಂದೊಂದೇ ಫೋಲ್ಡರಿನ ಮೇಲೆ ಒತ್ತಿ, ಅದರ ಗುಣಲಕ್ಷಣಗಳ ಪಟ್ಟಿ ತೆರೆದು, ಟಿಕ್ ತೆಗೆದು, ಮುಚ್ಚಿ, ಮುಂದಿನದಕ್ಕೆ ಹೋಗತೊಡಗಿದೆ. ಆಷಾಢವಿಡೀ, ಅಂದರೆ ಮದುವೆಗಳಿಲ್ಲದ ತಿಂಗಳಿಡೀ, ಇದೇ ಕೆಲಸ. ಪಿರಿಯಾಪಟ್ಟಣ ಮುಗಿಯುವಷ್ಟರಲ್ಲಿ ಶ್ರಾವಣ ಬಂದು ಹೊಸ ಮದುವೆಗಳು ಶುರುವಾಗಿದ್ದವು.

ಕಮಾಂಡ್ ಲೈನ್ ನನಗೆ ದರ್ಶನ ಕೊಟ್ಟದ್ದು ಆ ಶ್ರಾವಣದಲ್ಲಿ. ಕಪ್ಪು ತೆರೆಯ ಮೇಲೆ, ಅಪ್ಪಣೆ ಬದಲಾಯಿಸುವ ಆಜ್ಞೆಯಾದ chmod ಎಂಬುದನ್ನು ಬರೆದು, ಪಕ್ಕದಲ್ಲಿ -R ಎಂದು ಸೇರಿಸಿದರೆ, ಹೇಳಿದ ಫೋಲ್ಡರು ಮಾತ್ರವಲ್ಲ, ಅದರ ಮಕ್ಕಳು ಮೊಮ್ಮಕ್ಕಳು ಮರಿಮಕ್ಕಳವರೆಗೂ ಅಪ್ಪಣೆ ಇಳಿಯುತ್ತದೆ. ಮೊದಲ ಸಲ ಒತ್ತಿದಾಗ ನನಗೆ ಏನೂ ಆಗಲಿಲ್ಲವೇನೋ ಅನ್ನಿಸಿತು. ತೆರೆ ಒಂದು ಮಾತೂ ಆಡದೆ ಮುಂದಿನ ಸಾಲಿಗೆ ಬಂದು ನಿಂತಿತ್ತು. ಹೋಗಿ ನೋಡಿದರೆ ಕೆ.ಆರ್. ನಗರ ತಾಲ್ಲೂಕು ಪೂರ್ತಿ ಮುಗಿದಿತ್ತು. ನಾನು ಎದ್ದು ಹೊರಗೆ ಬಂದು, ಕಾರಣ ಹೇಳದೆ ಎಲ್ಲರಿಗೂ ಕಾಫಿ ತರಿಸಿದೆ. ಯಜಮಾನರು ನನಗೆ ಮನೆಯಲ್ಲಿ ಏನೋ ಶುಭ ಸಮಾಚಾರ ಇರಬೇಕೆಂದುಕೊಂಡರು.

ಆದರೆ ಯಂತ್ರಕ್ಕೆ ನಮ್ಮ ಜನ ಹೆಸರಿಡುವ ಬಗೆ ಗೊತ್ತಿರಲಿಲ್ಲ. ನಮ್ಮ ಫೋಟೊಗ್ರಾಫರುಗಳಲ್ಲಿ ಶಿವಲಿಂಗು ಎಂಬುವನಿದ್ದ, ಬಲು ಚುರುಕಿನವ. ಅವನ ಒಂದು ಫೋಲ್ಡರಿನ ಹೆಸರು ‘ಮಂಜು ಮದುವೆ ಇದೇ ಫೈನಲ್’. ಫೋಲ್ಡರುಗಳನ್ನು ಹುಡುಕಿ ಒಂದೊಂದನ್ನೇ ಕಮಾಂಡಿಗೆ ದಾಟಿಸುವ ವಿಧಾನವನ್ನು ನಾನು ಹೊಸದಾಗಿ ಕಲಿತಿದ್ದೆ. ಯಂತ್ರ ಹೆಸರಿನ ನಡುವಿನ ಖಾಲಿ ಜಾಗ ಕಂಡಲ್ಲೆಲ್ಲ ಕತ್ತರಿಸಿ, ಮಂಜುವನ್ನು ಬೇರೆ, ಮದುವೆಯನ್ನು ಬೇರೆ ಹುಡುಕಿ, ಇಬ್ಬರೂ ಇಲ್ಲ, ಫೈನಲ್ಲೂ ಇಲ್ಲ ಎಂದು ವರದಿ ಕೊಟ್ಟಿತು. ನಾನು ಶಿವಲಿಂಗುವನ್ನು ಕರೆಸಿ, ಹೆಸರಿನಲ್ಲಿ ಜಾಗ ಬಿಡಬೇಡಪ್ಪ ಎಂದು ಸಮಾಧಾನವಾಗಿ ಹೇಳಿದೆ.

“ಮದ್ವೆ ಮನೇಲಿ ಉಸ್ರಾಡಕ್ಕೂ ಜಾಗ ಇರಕಿಲ್ಲ. ಹೆಸ್ರಲ್ಲಾರ ಇರ್ಲಿ ಬುಡಿ ಸಾ” ಎಂದ.

ವಾದಿಸಿ ಗೆಲ್ಲಲಾಗಲಿಲ್ಲ. ಕೊನೆಗೆ ನಾನೇ ಬದಲಾದೆ. ಖಾಲಿ ಜಾಗವಿದ್ದರೂ ಹೆಸರನ್ನು ಇಡಿಯಾಗಿ ದಾಟಿಸುವ ಉಪಾಯ ಇದೆ ಎಂದು ತಿಳಿದುಕೊಂಡೆ. ಅದೂ ಅಲ್ಲದೆ, ಬದಲಾಯಿಸುವ ಮೊದಲು ಅದೇ ಹುಡುಕಾಟವನ್ನು ಬರೀ ತೋರಿಸು ಎಂದು ಓಡಿಸಿ, ಯಾರ ಯಾರ ಮನೆಗೆ ಹೋಗುತ್ತದೆಂದು ಕಣ್ಣಾರೆ ನೋಡಿ, ಆಮೇಲೆ ಬದಲಾಯಿಸುವುದನ್ನು ರೂಢಿಸಿಕೊಂಡೆ. ನೀವೂ ಹಾಗೆ ಮಾಡಿ. ಜಂಬ ಸ್ವಲ್ಪ ಕಡಿಮೆಯಾಗುತ್ತದೆ, ನಿದ್ದೆ ಚೆನ್ನಾಗಿ ಬರುತ್ತದೆ.

ಈಗ ಮುಖ್ಯ ಪ್ರಕರಣಕ್ಕೆ ಬರುತ್ತೇನೆ. ಅದು ಶುರುವಾದದ್ದು ಒಂದು ಮೀಸೆಯಿಂದ.

ಕೆ.ಆರ್. ನಗರದ ಕಡೆಯ ಒಂದು ಮದುವೆಯ ಆಲ್ಬಮ್ಮಿನಲ್ಲಿ ಹೆಣ್ಣಿನ ಸೋದರಮಾವನಿಗೆ ದೊಡ್ಡ ಹುರಿಮೀಸೆ ಬಂದಿತ್ತು. ಅವರು ಹುಟ್ಟಿದಂದಿನಿಂದ ಮೀಸೆ ಬಿಟ್ಟವರಲ್ಲ. ಗಂಡಿನ ಕಡೆಯ ಆಲ್ಬಮ್ ಮಾಡುತ್ತಿದ್ದ ನಮ್ಮ ಡಿಸೈನರ್ ಒಬ್ಬ ಗಂಡಿನ ಸ್ನೇಹಿತರ ಮಾತು ಕೇಳಿ, ಹೆಣ್ಣಿನ ಫೋಲ್ಡರಿಗೆ ಹೋಗಿ, ತಮಾಷೆಗೆಂದು ಬರೆದದ್ದು ಅಚ್ಚಾಗಿ, ಹೊಲಿಗೆಯಾಗಿ, ವೆಲ್ವೆಟ್ ಪೆಟ್ಟಿಗೆಯಲ್ಲಿ ಮನೆ ಸೇರಿತ್ತು. ಎರಡೂ ಕಡೆಯವರು ಟೆಂಪೊ ಮಾಡಿಕೊಂಡು ಲ್ಯಾಬಿಗೆ ಬಂದರು. ಮುಂದಿನ ಹಜಾರದಲ್ಲಿ ಪಂಚಾಯ್ತಿ ಕೂತಿತು.

ಪಂಚಾಯ್ತಿಯ ಹಿರಿತನ ತಮ್ಮಣ್ಣಗೌಡರದು. ನಾಲ್ಕು ತಾಲ್ಲೂಕಿನಲ್ಲೂ ಸಂಬಂಧ ಕುದುರಿಸುವವರು ಅವರೇ, ಮುರಿಯಲು ಹೊರಟದ್ದನ್ನು ಕೂಡಿಸುವವರೂ ಅವರೇ. ಎಲ್ಲರೂ ಒಟ್ಟಿಗೆ ಮಾತಾಡಿ ಸುಸ್ತಾಗುವವರೆಗೆ ಎಲೆ ಅಡಿಕೆ ಹಾಕಿಕೊಂಡು ಕಾದರು. ಆಮೇಲೆ ತೀರ್ಪು ಕೊಟ್ಟರು.

“ಯಾರು ಬೇಕಾರ ನೋಡ್ಲಿ. ಕೈ ಮಾತ್ರ ಹಾಕಂಗಿಲ್ಲ. ಗಂಡಿಗೂ ಇದೇಯ, ಎಣ್ಣಿಗೂ ಇದೇಯ. ಒಂದು ಬುಟ್ಟು ಒಂದಕ್ಕೆ ಅನ್ನಂಗಿಲ್ಲ.”

ಯಜಮಾನರು ಎದ್ದು ನಿಂತು, ನಾಳೆ ಬೆಳಗ್ಗೆ ಪೂಜೆಯಾದ ತಕ್ಷಣ ಹಾಗೆಯೇ ಜಾರಿಗೆ ಬರುತ್ತದೆಂದು ಎಲ್ಲರೆದುರು ಮಾತು ಕೊಟ್ಟರು. ಟೆಂಪೊ ಹಿಂದಿರುಗಿತು. ಸೋದರಮಾವನವರಿಗೆ ಮೀಸೆಯಿಲ್ಲದ ಹೊಸ ಆಲ್ಬಮ್ಮು ಮಂಜೂರಾಯಿತು.

ಮರುದಿನ ಬೀಚನಹಳ್ಳಿಯ ಕಡೆ ಒಂದು ಮದುವೆ ಇತ್ತು. ಹುಡುಗಿಯ ಹೆಸರು ಸಿಂಧು. ತಾಯಿ ಇಲ್ಲದ ಅವಳನ್ನು ಸಾಕಿ ದೊಡ್ಡವಳನ್ನಾಗಿ ಮಾಡಿದ್ದು ಅಕ್ಕ ಪವಿತ್ರ. ಧಾರೆಯ ಹೊತ್ತಿಗೆ ತಾಯಿಯ ಜಾಗದಲ್ಲಿ ನಿಂತು ಹಾಲು ಎರೆಯಬೇಕಾಗಿದ್ದವಳೂ ಅವಳೇ. ಆದರೆ ತುಂಬು ಬಸುರಿ. ದಿನ ಇದೆ ಎಂದು ಎಲ್ಲರೂ ಅಂದುಕೊಂಡಿದ್ದಾಗ ಮದುವೆಯ ಹಿಂದಿನ ದಿನವೇ ಕೆ.ಆರ್. ನಗರದ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಹಸಿ ಬಾಣಂತಿ, ಅದರ ಮೇಲೆ ಪುರುಡಿನ ಸೂತಕ. ಛತ್ರಕ್ಕೆ ಬರುವ ಮಾತೇ ಇಲ್ಲ. ಹಾಲು ಎರೆಯುವುದು ತಪ್ಪಿತು, ಕಣ್ಣಿನಿಂದಲಾದರೂ ನೋಡಬೇಕು ಎಂದು ಅವಳು ಹಟ ಹಿಡಿದಿದ್ದಳು.

ಛತ್ರದೊಳಗೆ ಫೋನಿಗೆ ಸಿಗ್ನಲ್ ಇಲ್ಲ, ವಿಡಿಯೊ ಕಾಲ್ ಆಗದು. ಆಫೀಸು ಕೋಣೆಗೆ ಬಂದಿರುವ ಇಂಟರ್‌ನೆಟ್ ತಂತಿಯಲ್ಲಿ ಫೋಟೊಗಳು ಒಂದೊಂದಾಗಿ ಹೋಗುವಷ್ಟು ಮಾತ್ರ ದಾರಿ. ಹೆಣ್ಣಿನ ಕಡೆಯ ಫೋಟೊಗ್ರಾಫರ್ ನಮ್ಮ ಶಿವಲಿಂಗುವೇ. ಅವನು ತೆಗೆದ ಚಿತ್ರ ಆಗಲೇ ಲ್ಯಾಬಿನ ಖಾತೆಯ ಮೂಲಕ ನಮ್ಮ ಸರ್ವರಿಗೆ ಬರುವಂತೆ, ಅಲ್ಲಿಂದ ಛತ್ರದ ದೊಡ್ಡ ಎಲ್‌ಇಡಿ ಪರದೆಗೂ ಪವಿತ್ರಳ ಫೋನಿಗೂ ಹೋಗುವಂತೆ ನಾನು ವ್ಯವಸ್ಥೆ ಮಾಡಿದ್ದೆ. ಬೆಳಗ್ಗೆ ಚಪ್ಪರದ ಚಿತ್ರಗಳು ಹೋಗಿದ್ದವು, ಅವಳು ನೋಡಿಯೂ ಇದ್ದಳು.

ಅಷ್ಟರಲ್ಲಿ ಯಜಮಾನರು ಪೂಜೆ ಮುಗಿಸಿ, ಊದುಬತ್ತಿ ಹಿಡಿದುಕೊಂಡು ಕೋಣೆಗೆ ಬಂದರು. ಪಂಚಾಯ್ತಿಯ ತೀರ್ಪನ್ನು ಕಮಾಂಡಿನ ರೂಪಕ್ಕೆ ಇಳಿಸಿ ನಾನು ಒಂದು ಚೀಟಿಯಲ್ಲಿ ಬರೆದಿಟ್ಟಿದ್ದೆ:

chmod -R u=rwX,g=rX,o= /album

ಯಜಮಾನರು ಕನ್ನಡಕ ಏರಿಸಿ ಓದಿದರು. ಯು ಎಂದರೆ ಲ್ಯಾಬಿನ ಖಾತೆ, ಜಿ ಎಂದರೆ ಎರಡೂ ಕಡೆಯವರು, ಓ ಎಂದರೆ ಸಂಬಂಧವಿಲ್ಲದವರು, ಆರ್ ಎಂದರೆ ನೋಡುವುದು, ಡಬ್ಲ್ಯು ಎಂದರೆ ಕೈ ಹಾಕುವುದು, ಅದು ಲ್ಯಾಬಿನ ಖಾತೆಗೆ ಮಾತ್ರ ಎಂದು ವಿವರಿಸಿದೆ. ಒಪ್ಪಿದರು. ಈ ಎಕ್ಸ್ ಏನು ಎಂದರು. ಒಳಗೆ ಹೋಗುವ ಅಪ್ಪಣೆ ಎಂದೆ.

“ಪಂಚಾಯ್ತೀಲಿ ಆಗಿದ್ದು ಎರಡೇ ಮಾತು ಕಣಯ್ಯ ಪುಟ್ಟರಾಜು. ನೋಡೋದು, ಕೈ ಹಾಕೋದು. ಈ ಮೂರನೇದನ್ನ ಯಾರು ಕೇಳಿದ್ರು?”

ಉತ್ತರಕ್ಕೆ ಬಾಯಿ ತೆರೆದೆ. ಅವರು ಪಾಸ್‌ವರ್ಡಿಗೆ ಕೈ ಎತ್ತಿದರು. ಪದ್ಧತಿಯಂತೆ ನಾನು ಗೋಡೆಯ ಕಡೆ ತಿರುಗಿದೆ. ತಿರುಗಿಕೊಂಡೇ ವಿವರಣೆ ಮುಂದುವರಿಸಿದೆ. ಬಾಗಿಲು, ಹೊಸ್ತಿಲು ಎಂದೇನೋ ಹೇಳುತ್ತಿದ್ದೆ. ಹಿಂದೆ ಕೀಲಿಮಣೆ ಟಕಟಕ ಎನ್ನುತ್ತಿತ್ತು. ಪಾಸ್‌ವರ್ಡ್ ಇಷ್ಟು ಉದ್ದ ಯಾವಾಗ ಆಯಿತು ಎಂದು ಅನುಮಾನ ಬರುವಷ್ಟರಲ್ಲಿ ಎಂಟರ್ ಬಿದ್ದ ಸದ್ದು ಕೇಳಿಸಿತು.

ತಿರುಗಿ ನೋಡಿದೆ. ಎರಡೂ ಎಕ್ಸುಗಳನ್ನು ಬಿಟ್ಟು ಉಳಿದದ್ದನ್ನು ಒಂದಕ್ಷರ ತಪ್ಪಿಲ್ಲದೆ ಹೊಡೆದಿದ್ದರು. ಊದುಬತ್ತಿಯನ್ನು ಸರ್ವರಿಗೆ ಮೂರು ಸುತ್ತು ತಿರುಗಿಸಿ, ಕೊಟ್ಟ ಮಾತು ಉಳಿಸಿಕೊಂಡ ತೃಪ್ತಿಯಲ್ಲಿ ಕುರ್ಚಿಗೆ ಒರಗಿದರು.

ನಾನು ಆಲ್ಬಮ್ಮಿನ ಪಟ್ಟಿ ತೆಗೆಸಿದೆ. ನಾಲ್ಕು ತಾಲ್ಲೂಕುಗಳ ಹೆಸರುಗಳೂ ಬಂದವು. ಪ್ರತಿ ಹೆಸರಿನ ಮುಂದೆಯೂ ಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳು. ಹುಣಸೂರು ಇದೆ, ಅದೇನೆಂದು ಗೊತ್ತಿಲ್ಲ. ಪಿರಿಯಾಪಟ್ಟಣ ಇದೆ, ಅದೇನೆಂದು ಗೊತ್ತಿಲ್ಲ. ರೂಟ್ ಬಿಟ್ಟು ಲೋಕದಲ್ಲಿ ಯಾರಿಗೂ ಯಾವ ಫೋಲ್ಡರಿಗೂ ಪ್ರವೇಶವಿಲ್ಲ.

ಮೊದಲು ಫೋನ್ ಮಾಡಿದ್ದು ಛತ್ರದ ಆಫೀಸಿನಿಂದ ಶಿವಲಿಂಗು. ಚಿತ್ರ ಒಂದೂ ಹತ್ತುತ್ತಿಲ್ಲ, ಎಲ್‌ಇಡಿ ಕಪ್ಪಾಗಿದೆ, ಗಂಡನ್ನು ಮಂಟಪಕ್ಕೆ ಕರೆತರುತ್ತಿದ್ದಾರೆ, ಕ್ಯಾಮೆರಾವನ್ನು ಸಹಾಯಕ ಹುಡುಗನ ಕೈಗೆ ಕೊಟ್ಟು ಬಂದಿದ್ದೇನೆ ಎಂದ. ಅವನದನ್ನು ಇಡುವ ಮುಂಚೆ ನನ್ನ ಮೊಬೈಲಿಗೆ ಆಸ್ಪತ್ರೆಯಿಂದ ಪವಿತ್ರಳ ಗಂಡ ಮಹೇಶನ ಕರೆ ಬಂತು. ಅವನ ದನಿ ತಗ್ಗಿತ್ತು. ಹೆಂಡತಿಗೆ ಕೇಳಿಸದಿರಲೆಂದು ವರಾಂಡಕ್ಕೆ ಬಂದಿದ್ದನೆಂದು ಕಾಣುತ್ತದೆ.

“ಸಾ, ಫೋನಲ್ಲಿ ಅನುಮತಿ ಇಲ್ಲ ಅಂತ ಬತ್ತಾ ಅದೆ. ಬೆಳಗ್ಗೆ ಕಾಣ್ತಿತ್ತು. ಗಂಡಿನ ಕಡೆಯೋರು ಏನಾರ ಅಂದ್ರಾ? ಬಾಣಂತಿ ಧಾರೆ ನೋಡಬಾರ್ದು ಅಂತ?”

ಇಲ್ಲ ಮಹೇಶ, ಅದು ಯಂತ್ರ ಹೇಳಿದ್ದು, ಬೀಗರಲ್ಲ ಎಂದೆ.

“ಇವಳು ನಂಬಕಿಲ್ಲ ಸಾ. ಯಾರೋ ಬ್ಯಾಡ ಅಂದವ್ರೆ ಅಂತ ಗೋಡೆ ಕಡೆ ತಿರುಗಿ ಮಲಗವ್ಳೆ.”

ಗೋಡೆ ನೋಡುವುದು ಎಂಥದ್ದೆಂದು ನನಗೆ ಗೊತ್ತು. ಆದರೆ ನನ್ನದು ನೌಕರಿಯ ಗೋಡೆ.

ಯಜಮಾನರ ಮುಂದೆ ನಿಂತು, ಇನ್ನೊಮ್ಮೆ ಪಾಸ್‌ವರ್ಡ್ ಹೊಡೆಯಬೇಕು, ಎಕ್ಸ್ ಸೇರಿಸಬೇಕು, ಮುಹೂರ್ತ ಮೀರುತ್ತಿದೆ ಎಂದೆ. ಅವರ ಮುಖದಲ್ಲಿ ಸಂಕಟ ಕಂಡಿತು. ಆ ಹುಡುಗಿಯರ ತಂದೆ ಅವರಿಗೂ ಬೇಕಾದವರೇ. ಆದರೆ ಹತ್ತು ಜನರೆದುರು ಕೊಟ್ಟ ಮಾತು, ಒಂದು ದಿನವೂ ತುಂಬಿಲ್ಲ, ಅಷ್ಟರಲ್ಲೇ ಒಂದು ಮನೆಗೆ ಬೇರೆ ನ್ಯಾಯ ಮಾಡಿದರೆಂದು ಆಗುತ್ತದೆ ಎಂದು ಕೈ ಕಟ್ಟಿ ಕೂತರು. ನಾನು ಹೇಳುವುದನ್ನು ಹೇಳಿದೆ, ಅವರು ಕೂತೇ ಇದ್ದರು. ಆ ಹೊತ್ತಿನಲ್ಲಿ ಮಂಟಪದಲ್ಲಿ ಅಂತರಪಟ ಹಿಡಿದಿದ್ದರು.

ತೀರ್ಪು ಕೊಟ್ಟವರನ್ನೇ ಕೇಳಿಬಿಡೋಣ ಎನ್ನಿಸಿತು. ಈ ಸಂಬಂಧ ಕುದುರಿಸಿದ್ದೂ ತಮ್ಮಣ್ಣಗೌಡರೇ, ಹಾಗಾಗಿ ಅವರು ಛತ್ರದಲ್ಲೇ ಇರಬೇಕು. ಶಿವಲಿಂಗುವಿಗೆ ಹೇಳಿ, ಅವರನ್ನು ಆಫೀಸು ಕೋಣೆಗೆ ಕರೆಸಿದೆ. ಅವರು ಬರುವವರೆಗೆ ಫೋನಿನಲ್ಲಿ ವಾಲಗ ಜೋರಾಗಿ ಕೇಳಿಸುತ್ತಿತ್ತು. ಅದು ಗಟ್ಟಿಮೇಳವೋ ಅಲ್ಲವೋ ಎಂದು ನಾನು ಕಿವಿ ಒತ್ತಿ ಹಿಡಿದಿದ್ದೆ. ತಮ್ಮಣ್ಣಗೌಡರು ಬಂದು ಹಲೋ ಎಂದಾಗ, ನಿಮ್ಮ ತೀರ್ಪಿನಂತೆ ನೋಡಬಹುದು, ಕೈ ಹಾಕುವಂತಿಲ್ಲ, ಸರಿ. ಒಳಗೆ ಬರುವುದರ ವಿಷಯ ಪಂಚಾಯ್ತಿಯಲ್ಲಿ ಏನಾಗಿತ್ತು ಎಂದು ಕೇಳಿ, ಫೋನನ್ನು ಸ್ಪೀಕರಿಗೆ ಹಾಕಿ ಯಜಮಾನರ ಮುಂದೆ ಹಿಡಿದೆ.

“ಒಳಕ್ಕೆ ಬರ್ದೆ ನೋಡೋದು ಎಲ್ಲಿಂದ ಕಣಯ್ಯ? ಛತ್ರದ ಗೇಟ್ ಹಾಕ್ಬುಟ್ಟು ಊಟಕ್ಕೆ ಬನ್ನಿ ಅಂದಂಗಾಯ್ತು. ಗೌಡ್ರೇ, ಅದೀರಾ? ನಾನಂದಿದ್ದು ಫೋಟಕ್ಕೆ. ಬಾಗ್ಲಿಗಲ್ಲ ಕಣ್ರೀ.”

ಯಜಮಾನರು ಯೋಚಿಸಿ, ಒಂದು ಪ್ರಶ್ನೆ ಎತ್ತಿದರು. ಎಲ್ಲಕ್ಕೂ ಒಂದೇ ಕಮಾಂಡ್ ಅಂದಮೇಲೆ ಈ ಮೂರನೆಯದು ಫೋಟೊಗಳಿಗೂ ಅಂಟಿಕೊಳ್ಳುವುದಿಲ್ಲವೆ? ನನ್ನ ಇಡೀ ಸೇವೆಯಲ್ಲಿ ಅವರು ಕೇಳಿದ ಅತ್ಯುತ್ತಮ ಪ್ರಶ್ನೆ ಅದು. ಗಡಿಬಿಡಿಯಲ್ಲೂ ನನಗೆ ಹಿಗ್ಗಾಯಿತು. ಚಿಕ್ಕ ಎಕ್ಸ್ ಹಾಕಿದರೆ ಅಂಟುತ್ತದೆ, ಆದ್ದರಿಂದಲೇ ದೊಡ್ಡ ಎಕ್ಸ್ ಬರೆದಿರುವುದು, ಅದು ಫೋಲ್ಡರಿಗೆ ಮಾತ್ರ ಹತ್ತುತ್ತದೆ, ಈಗ ಎಕ್ಸ್ ಇಲ್ಲದ ಫೋಟೊಗಳನ್ನು ಮುಟ್ಟುವುದಿಲ್ಲ ಎಂದೆ. ಯಾರು ಬಾಗಿಲು, ಯಾರು ಚಿತ್ರ ಎಂದು ಅದಕ್ಕೇ ಗೊತ್ತಾಗುತ್ತದೆ ಎಂದು ಹೇಳುವಾಗ ನನ್ನ ದನಿ ಸ್ವಲ್ಪ ಏರಿತ್ತು. ಮಕ್ಕಳೇ, ಆ ದೊಡ್ಡ ಅಕ್ಷರವನ್ನು ಕಂಡುಹಿಡಿದವರು ಯಾರೋ ನನಗೆ ತಿಳಿಯದು. ನಮ್ಮ ಕಡೆಯ ಒಂದು ಮದುವೆಯನ್ನಾದರೂ ಓಡಾಡಿ ನಡೆಸಿದವರಿರಬೇಕು.

“ತಿರುಗು” ಎಂದರು ಯಜಮಾನರು.

ನಾನು ಗೋಡೆಯ ಕಡೆ ತಿರುಗಿದೆ. ಟಕಟಕ. ತಪ್ಪಾಯಿತು. ಮತ್ತೆ ಟಕಟಕ. ಈ ಸಲ ಅವರು ಎಂಟರ್ ಒತ್ತುವ ಮೊದಲು ನನ್ನನ್ನು ಕರೆದು, ಚೀಟಿಯನ್ನೂ ತೆರೆಯನ್ನೂ ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಲು ಹೇಳಿದರು. ಎರಡು ದೊಡ್ಡ ಎಕ್ಸುಗಳೂ ಅವುಗಳ ಜಾಗದಲ್ಲಿದ್ದವು. ಒತ್ತಿದರು. ತೆರೆ ತುಟಿ ಎರಡು ಮಾಡದೆ ಮುಂದಿನ ಸಾಲಿಗೆ ಬಂದು ನಿಂತಿತು. ಪಟ್ಟಿ ತೆಗೆಸಿದೆ. ಪ್ರಶ್ನಾರ್ಥಕಗಳು ಹೋಗಿದ್ದವು. ಹುಣಸೂರು ಹುಣಸೂರಾಗಿತ್ತು, ಕೋಟೆ ಕೋಟೆಯಾಗಿತ್ತು.

ಶಿವಲಿಂಗುವಿನ ಹತ್ತಿರ ಕಟ್ಟಿಕೊಂಡು ನಿಂತಿದ್ದ ಚಿತ್ರಗಳು ನೂಕುನುಗ್ಗಲಿನಲ್ಲಿ ಬರತೊಡಗಿದವು. ಅಂತರಪಟ. ಅದರ ಮೇಲಿಂದ ಇಣುಕುವ ಗಂಡಿನ ಪೇಟ. ಜೀರಿಗೆ ಬೆಲ್ಲ. ತಾಳಿ. ಆಮೇಲೆ ಧಾರೆ, ಜೋಡಿಸಿದ ಕೈಗಳು, ತೆಂಗಿನಕಾಯಿ, ಮೇಲಿಂದ ಹಾಲು. ನೆಂಟರು ಒಬ್ಬೊಬ್ಬರಾಗಿ ಬಂದು ಎರೆಯುತ್ತಿದ್ದರು. ನಾನೂ ಯಜಮಾನರೂ ಒಂದೇ ತೆರೆಗೆ ತಲೆ ಕೊಟ್ಟು ನೋಡುತ್ತಿದ್ದೆವು. ಮಹೇಶ ಫೋನಿನಲ್ಲೇ ಇದ್ದ. ಪವಿತ್ರ ಈ ಕಡೆ ತಿರುಗಿದ್ದಾಳೆ, ನೋಡುತ್ತಿದ್ದಾಳೆ ಎಂದು ತಿಳಿಸಿದ. ಆಮೇಲೆ, ಅವಳೇನೋ ಕೇಳುತ್ತಿದ್ದಾಳೆ ಎಂದ.

“ಹಾಲು ಎರೆಯಕ್ಕಂತೂ ಆಗ್ಲಿಲ್ಲ. ಮಗೀನ ಫೋಟ ಒಂದು ಅಲ್ಲಿಗೆ ಕಳಿಸಿದ್ರೆ ತಂಗಿಗೆ ಕಾಣ್ತದಾ ಅಂತವ್ಳೆ ಸಾ.”

ಹೆಣ್ಣಿನ ಫೋಲ್ಡರಿಗೆ ಏನು ಹಾಕಿದರೂ ಛತ್ರದ ಪರದೆಯ ಮೇಲೆ ಬರುತ್ತದೆ. ಆದರೆ ಹೊರಗಿನವರು ಹಾಕುವಂತಿಲ್ಲ. ಅದನ್ನು ನಿಲ್ಲಿಸುವುದಕ್ಕೇ ಬೆಳಗಿನಿಂದ ಇಷ್ಟೆಲ್ಲ ಆದದ್ದು. ನಾನು ಯಜಮಾನರ ಮುಖ ನೋಡಿದೆ. ಅವರು ತೆರೆಯನ್ನು ನೋಡುತ್ತ, ಲ್ಯಾಬಿನ ಖಾತೆಗೆ ಬರೆಯುವ ಅಪ್ಪಣೆ ಇದೆಯಲ್ಲವೆ, ಲ್ಯಾಬು ನನ್ನದಲ್ಲವೆ ಎಂದು ತಮಗೆ ತಾವೇ ಎಂಬಂತೆ ಹೇಳಿಕೊಂಡರು. ಮಹೇಶ ನನ್ನ ಮೊಬೈಲಿಗೆ ಕಳಿಸಿದ ಚಿತ್ರವನ್ನು ಸರ್ವರಿಗೆ ಇಳಿಸಿಕೊಟ್ಟೆ. ಅದನ್ನು ಫೋಲ್ಡರಿಗೆ ಹಾಕುವ ಕೆಲಸವನ್ನು ಅವರು ನನಗೆ ಬಿಡಲಿಲ್ಲ.

ಮುಂದಿನದು ಶಿವಲಿಂಗು ಆಮೇಲೆ ಫೋನಿನಲ್ಲಿ ಹೇಳಿದ್ದು. ಎಲ್‌ಇಡಿಯ ಮೇಲೆ ಧಾರೆ ಹೋಗಿ, ಕೆಂಪು ಮುಖದ, ಮುಷ್ಟಿ ಬಿಗಿದ, ಲೋಕದ ಮೇಲೆ ಸಿಟ್ಟಾಗಿರುವ ಒಂದು ಕೂಸು ಗೋಡೆಯಷ್ಟು ದೊಡ್ಡದಾಗಿ ಬಂದಿತು. ವಾಲಗದವರು ಊದುವುದನ್ನು ನಿಲ್ಲಿಸಿದರು. ಪುರುಡಿನ ಮಗುವನ್ನು ಮಂಟಪದ ಎದುರಿಗೆ ತಂದಿರಲ್ಲ ಎಂದು ಯಾರೋ ಒಬ್ಬರು ತಕರಾರು ತೆಗೆದರು. ಫೋನ್ ಇಟ್ಟು ಆಗತಾನೆ ಮಂಟಪಕ್ಕೆ ಮರಳಿದ್ದ ತಮ್ಮಣ್ಣಗೌಡರು ಕೈ ಎತ್ತಿ, ಫೋಟಕ್ಕೆ ಪುರುಡಿಲ್ಲ, ವಾಲಗ ನಡೀಲಿ ಎಂದರು. ಮೇಲ್ಮನವಿಗೆ ಅವಕಾಶ ಇರಲಿಲ್ಲ.

ಶಿವಲಿಂಗುವಿನ ಮುಂದಿನ ಚಿತ್ರ ನಮ್ಮ ತೆರೆಗೆ ಬಂತು. ಪುರೋಹಿತರೊಬ್ಬರು ಮಾತ್ರ ಕ್ಯಾಮೆರಾ ನೋಡುತ್ತಿದ್ದರು. ಸಿಂಧು ಮಂಟಪದಲ್ಲೇ ಅರ್ಧ ತಿರುಗಿ, ಕೈಯಿಂದ ಹಾಲು ತೊಟ್ಟಿಕ್ಕುತ್ತಿದ್ದುದನ್ನೂ ಮರೆತು, ಪರದೆಯ ಮೇಲಿನ ಕೂಸನ್ನು ಬಾಯಿ ತೆರೆದು ನೋಡುತ್ತಿದ್ದಳು. ಅವಳ ಕೈಯ ಕೆಳಗಿದ್ದ ಗಂಡಿನ ಹೊಸ ಪಂಚೆ ಪೂರ್ತಿ ಒದ್ದೆಯಾಗಿತ್ತು, ಅವನು ಅದನ್ನೇ ದಿಗಿಲಿನಿಂದ ನೋಡಿಕೊಳ್ಳುತ್ತಿದ್ದ.

ಅದೇ ಚಿತ್ರ ಕೆ.ಆರ್. ನಗರಕ್ಕೂ ಮುಟ್ಟಿತು. ಫೋನಿನಲ್ಲಿ ಮೊದಲು ಯಾರೋ ನರ್ಸಮ್ಮ ಗದರುವುದು ಕೇಳಿಸಿತು. ಆಮೇಲೆ ಮಹೇಶನ ದನಿ. ಈಗ ಅವನು ವರಾಂಡದಲ್ಲಿರಲಿಲ್ಲ, ತಗ್ಗಿಸಿ ಮಾತಾಡುವುದನ್ನೂ ಬಿಟ್ಟಿದ್ದ.

“ಇನ್ನೇನೂ ಕಳಿಸ್ಬ್ಯಾಡಿ ಸಾ. ಹೊಲಿಗೆ ಹಾಕವ್ರೆ, ನಗಬ್ಯಾಡ ಅಂದ್ರೂ ಕೇಳ್ತಿಲ್ಲ ಇವಳು.”